ಗೊತ್ತಿಲ್ಲದ ಪದಕ್ಕೆ ನಂಬುವಂಥ ಅರ್ಥ: ಮನೆಮಂದಿ ಕೂಡಿ ಆಡುವ ನಿಘಂಟಿನ ಆಟ

ಕಲಬುರಗಿಯಲ್ಲಿ ಏಪ್ರಿಲ್ ತಿಂಗಳ ಬಿಸಿಲು ನಲವತ್ತು ಡಿಗ್ರಿ ದಾಟಿದ ಮೇಲೆ ಮಧ್ಯಾಹ್ನದ ಹೊತ್ತು ಮಕ್ಕಳನ್ನು ಹೊರಗೆ ಬಿಡುವಂತಿಲ್ಲ. ಕಿಟಕಿ ಮುಚ್ಚಿ, ಶಹಾಬಾದ್ ಕಲ್ಲಿನ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಊಟವಾದ ಮೇಲೆ ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕೂಡುವ ಆ ಮೂರು ತಾಸುಗಳಿಗೆಂದೇ ನಮ್ಮ ಮನೆಯಲ್ಲಿ ಒಂದು ಆಟ ರೂಢಿಯಾಗಿದೆ. ಒಬ್ಬರು ನಿಘಂಟಿನಿಂದ ಯಾರಿಗೂ ತಿಳಿಯದ ಪದವೊಂದನ್ನು ಆರಿಸಿ ಹೇಳುತ್ತಾರೆ. ಉಳಿದವರು ಅದಕ್ಕೆ ನಿಜವೆಂದು ತೋರುವ ಸುಳ್ಳು ಅರ್ಥವೊಂದನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ. ಆ ಸುಳ್ಳುಗಳ ನಡುವೆ ನಿಜವಾದ ಅರ್ಥವನ್ನೂ ಸೇರಿಸಿ ಓದಿದಾಗ, ಯಾವುದು ನಿಜವೆಂದು ಗುರುತಿಸಬೇಕು. ಇಂಗ್ಲಿಷಿನಲ್ಲಿ ಇದು ಕಾಗದ, ಪೆನ್ಸಿಲು, ನಿಘಂಟು ಇಷ್ಟರಿಂದಲೇ ಆಡುತ್ತ ಬಂದ ಆಟ. ೧೯೮೪ರಲ್ಲಿ ಕೆನಡಾದಲ್ಲಿ ‘ಬಾಲ್ಡರ್‌ಡ್ಯಾಶ್’ ಎಂಬ ಹೆಸರಿನಿಂದ ಪೆಟ್ಟಿಗೆಯಾಗಿ ಮಾರಾಟಕ್ಕೂ ಬಂತು. ಕನ್ನಡದಲ್ಲಿ ಆಡಲು ಆ ಪೆಟ್ಟಿಗೆ ಬೇಡ. ಮದುವೆಯಲ್ಲಿ ಒಡಪು ಕಟ್ಟಿ ಹೆಸರು ಹೇಳುವ, ಒಗಟಿಗೆ ಮರು ಒಗಟು ಹಾಕುವ ನಮ್ಮ ಮಂದಿಗೆ ಇದರ ಅರ್ಧ ಕಲೆ ಆಗಲೇ ಬಂದಿದೆ. ಉಳಿದರ್ಧವೆಂದರೆ ನಿಘಂಟಿನ ದನಿಯಲ್ಲಿ ಬರೆಯುವುದು. ಇಲ್ಲಿ ಅದನ್ನೇ ಹೆಚ್ಚಾಗಿ ಹೇಳುತ್ತೇನೆ.

ಆಟಕ್ಕೆ ಐದರಿಂದ ಎಂಟು ಮಂದಿ ಇದ್ದರೆ ಸರಿಯಾಗುತ್ತದೆ. ನಾಲ್ಕಕ್ಕಿಂತ ಕಡಿಮೆಯಾದರೆ ಊಹೆಗೆ ಎಡೆಯೇ ಇರುವುದಿಲ್ಲ, ಒಂಬತ್ತು ದಾಟಿದರೆ ಮೊದಲು ಓದಿದ ಅರ್ಥ ಕೊನೆಯದನ್ನು ಕೇಳುವಷ್ಟರಲ್ಲಿ ಮರೆತುಹೋಗುತ್ತದೆ. ಅಷ್ಟು ಮಂದಿ ಕೂಡಿದ್ದರೆ ಇಬ್ಬಿಬ್ಬರ ಜೋಡಿ ಮಾಡಬೇಕು. ಒಂದೇ ಅಳತೆಯಲ್ಲಿ ಕತ್ತರಿಸಿದ ಚೀಟಿಗಳು ಮತ್ತು ಒಂದೇ ಬಣ್ಣದ ಪೆನ್ನುಗಳು ಬೇಕು. ಬರೆಯಲು ಬಾರದ ಹಿರಿಯರನ್ನು ಆಟದಿಂದ ಬಿಡಬಾರದು. ಅವರು ಪದ ಆರಿಸಿದವರ ಕಿವಿಯಲ್ಲಿ ಹೇಳಲಿ, ಆ ಮಾತು ಹಾಗೆಯೇ ಚೀಟಿಗೆ ಇಳಿಯಲಿ. ಫೋನುಗಳನ್ನೆಲ್ಲ ಒಂದು ಬುಟ್ಟಿಯಲ್ಲಿ ಹಾಕಿ ಕಪಾಟಿನ ಮೇಲಿಟ್ಟ ಹೊರತು ಆಟ ಆರಂಭಿಸಬಾರದು.

ನಿಘಂಟುಗಳಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ದೊಡ್ಡ ಖಜಾನೆ, ಆದರೆ ಎಲ್ಲ ಮನೆಗಳಲ್ಲೂ ಅದು ಇರುವುದಿಲ್ಲ. ಅದೇ ಪರಿಷತ್ತಿನ ಸಂಕ್ಷಿಪ್ತ ನಿಘಂಟು ಈ ಆಟಕ್ಕೆ ಸಾಕು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಸುಮಾರು ೭೦,೦೦೦ ಪದಗಳಿವೆ. ಅದರಲ್ಲಿ ಅರ್ಥ ಇಂಗ್ಲಿಷಿನಲ್ಲಿರುವುದು ಆಟಕ್ಕೆ ಒಂದು ಅನುಕೂಲವೇ ಸರಿ, ಏಕೆಂದರೆ ನಿಜವಾದ ಅರ್ಥವನ್ನೂ ಪದ ಆರಿಸಿದವರು ಸ್ವಂತ ಮಾತಿನಲ್ಲಿ ಕನ್ನಡಕ್ಕೆ ತಂದು ಬರೆಯಬೇಕಾಗುತ್ತದೆ ಮತ್ತು ಆಗ ನಿಜಕ್ಕೂ ಸುಳ್ಳಿಗೂ ಭಾಷೆಯಲ್ಲಿ ಅಂತರ ಕಾಣುವುದಿಲ್ಲ.

ಪದದ ಆಯ್ಕೆಯಲ್ಲಿಯೇ ಆಟದ ಸೊಗಸಿದೆ. ಸಂಸ್ಕೃತದ ಸಮಾಸಪದಗಳನ್ನು ತೆಗೆದುಕೊಂಡರೆ ಜಾಣರು ಅವನ್ನು ಬಿಡಿಸಿ ಅರ್ಥ ಹೇಳಿಬಿಡುತ್ತಾರೆ. ಗಿಡಮರಗಳ ಹೆಸರುಗಳೂ ಬೇಡ, ‘ಒಂದು ಬಗೆಯ ಗಿಡ’ ಎಂಬ ಅರ್ಥವನ್ನು ಕೇಳಿ ಯಾರ ಕಣ್ಣೂ ಅರಳುವುದಿಲ್ಲ. ಎರಡು-ನಾಲ್ಕು ಅಕ್ಷರದ ಅಚ್ಚಗನ್ನಡ ಪದಗಳು, ಅದರಲ್ಲೂ ಕೇಳಿದೊಡನೆ ಬೇರೆ ಯಾವುದನ್ನೋ ನೆನಪಿಗೆ ತರುವ ಪದಗಳು ಎಲ್ಲಕ್ಕಿಂತ ಒಳ್ಳೆಯವು. ‘ಬೇವಸ’ ಎಂದರೆ ಕೆಲವರಿಗೆ ಬೇವು, ಕೆಲವರಿಗೆ ಬೆವರು ನೆನಪಾಗುತ್ತದೆ; ಅದರ ಅರ್ಥ ಆಯಾಸ, ವ್ಯಥೆ. ‘ಗೊಂದಣ’ ಎಂದರೆ ಗೊಂದಲವಲ್ಲ, ಗುಂಪು. ‘ಹದುಳ’ ಎಂದರೆ ಕ್ಷೇಮ. ‘ಅಗಳು’ ಎಂದೊಡನೆ ಎಲ್ಲರೂ ತಾಟಿನಲ್ಲಿ ಉಳಿದ ಅನ್ನದ ಅಗುಳನ್ನು ನೆನೆಯುತ್ತಾರೆ, ಆದರೆ ಅದು ಕೋಟೆಯ ಸುತ್ತಲಿನ ಕಂದಕ. ಬೀದರ ಕೋಟೆಯ ಬುಡದಲ್ಲಿ ಬಂಡೆ ಕಡಿದು ಮಾಡಿದ ಮೂರು ಸಾಲಿನ ಕಂದಕವನ್ನು ನೋಡಿದವರಿಗೆ ಈ ಪದ ಒಮ್ಮೆ ಹೇಳಿದರೆ ಸಾಕು. ಹಳಗನ್ನಡದ ‘ಪ’ಕಾರದ ಪದಗಳಲ್ಲಿ ಮಾತ್ರ ಎಚ್ಚರಿಕೆ ಬೇಕು. ಪೊನಲ್ ಎಂಬುದು ಕಠಿಣವಾಗಿ ಕಂಡರೂ ಪಕಾರದ ಜಾಗದಲ್ಲಿ ಹಕಾರವಿಟ್ಟೊಡನೆ ಹೊನಲು ಎಂದು ಬಯಲಾಗುತ್ತದೆ. ಆರಿಸುವ ಮೊದಲು ನೀವೇ ಹಾಗೆ ಬದಲಿಸಿ ನೋಡಿಕೊಳ್ಳಿ.

ಯಾರಿಗೂ ತಿಳಿಯದೆಂದು ಆರಿಸಿದ ಪದ ಮನೆಯ ಹಿರಿಯರಿಗೆ ತಿಳಿದಿರುವುದು ನಮ್ಮ ಭಾಗದಲ್ಲಿ ಸಾಮಾನ್ಯ. ಒಮ್ಮೆ ನಾನು ‘ಹಗೇವು’ ಎಂಬ ಪದವನ್ನು ಹೇಳಿದೆ. ಮಕ್ಕಳು ಹಗೆತನವೆಂದು ತಿಳಿದು ಪೆನ್ನು ಹಿಡಿದರು. ನಮ್ಮ ಮುತ್ಯಾ (ಅಜ್ಜ) ಮಾತ್ರ ಚೀಟಿಯನ್ನು ಪಕ್ಕಕ್ಕೆ ಸರಿಸಿ, “ಏ ತಮ್ಮಾ, ಇದಕ್ಕೇನು ಸುಳ್ಳು ಹೇಳ್ಲಿ? ನಮ್ಮ ಅಂಗಳದಾಗೇ ಎರಡು ಹಗೇವು ಇದ್ವಲ್ಲ” ಎಂದರು. ನೆಲದಡಿಯ ಜೋಳದ ಕಣಜವದು. ಅದರ ಬಾಯಿ ತೆರೆದ ಮೇಲೆ ಒಳಗೆ ಕೆಟ್ಟ ಗಾಳಿ ಇದೆಯೋ ಎಂದು ತಿಳಿಯಲು ಮೊದಲು ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ ರೀತಿಯನ್ನು ಅವರು ಕೈಯಾಡಿಸಿ ತೋರಿಸಿದರು. ಆ ಸುತ್ತು ಅಲ್ಲಿಗೇ ನಿಂತಿತು, ಆದರೆ ಅಂದಿನಿಂದ ಒಂದು ನಿಯಮ ಹುಟ್ಟಿತು: ಪದ ಗೊತ್ತಿದ್ದವರು ಕೂಡಲೇ ಹೇಳದೆ ನಿಜವಾದ ಅರ್ಥವನ್ನೇ ಚೀಟಿಯಲ್ಲಿ ಬರೆದುಕೊಡಬೇಕು, ಅವರಿಗೆ ೩ ಅಂಕ, ಸುತ್ತು ಮುಗಿದ ಮೇಲೆ ಆ ಪದದ ಬಗ್ಗೆ ತಮಗೆ ತಿಳಿದಿದ್ದನ್ನು ಹೇಳುವ ಹಕ್ಕೂ ಅವರದೇ.

ಆಟ ನಡೆಯುವ ಕ್ರಮ ಸರಳವಾಗಿದೆ. ಪದ ಆರಿಸಿದವರು ಅದನ್ನು ಸ್ಪಷ್ಟವಾಗಿ ಎರಡು ಬಾರಿ ಉಚ್ಚರಿಸಿ, ನಾಮಪದವೋ ಕ್ರಿಯಾಪದವೋ ಎಂಬುದನ್ನು ಹೇಳಬೇಕು. ಹೇಳದಿದ್ದರೆ ಏನಾಗುತ್ತದೆಂಬುದಕ್ಕೆ ‘ಜಕ್ಕುಲಿಸು’ ಸಾಕ್ಷಿ: ಕಚಗುಳಿಯಿಡು ಎಂಬ ಅರ್ಥದ ಈ ಕ್ರಿಯಾಪದಕ್ಕೆ ಒಬ್ಬರು ‘ಚಕ್ಕುಲಿ ಒತ್ತುವ ಹಿತ್ತಾಳೆಯ ಸಾಧನ’ ಎಂದು ಬರೆದರು ಮತ್ತು ‘ಇಸು’ ಪ್ರತ್ಯಯವನ್ನು ಬಲ್ಲವರೆಲ್ಲ ಅದನ್ನು ಕೂಡಲೇ ತಳ್ಳಿಹಾಕಿದರು. ಐದು ನಿಮಿಷದಲ್ಲಿ ಚೀಟಿಗಳನ್ನು ಕೂಡಿಸಿ, ಪದ ಆರಿಸಿದವರು ಮೊದಲು ಎಲ್ಲವನ್ನೂ ಮನಸ್ಸಿನಲ್ಲೇ ಓದಿಕೊಳ್ಳಬೇಕು. ಅಕ್ಷರ ತಿಳಿಯದೆ ತಡವರಿಸಿದರೆ ಅದು ಇತರರು ಬರೆದದ್ದೆಂದು ಗೊತ್ತಾಗಿಬಿಡುತ್ತದೆ. ಅನಂತರ ಚೀಟಿಗಳನ್ನು ಕಲಸಿ, ಸಂಖ್ಯೆ ಕೊಟ್ಟು, ಒಂದೇ ದನಿಯಲ್ಲಿ ನಗದೆ ಎರಡು ಸಲ ಓದಬೇಕು. ಮತ ಹಾಕುವಾಗ ಒಬ್ಬೊಬ್ಬರಾಗಿ ಹೇಳಿದರೆ ಚಿಕ್ಕವರು ದೊಡ್ಡವರನ್ನು ಹಿಂಬಾಲಿಸುತ್ತಾರೆ, ಆದ್ದರಿಂದ ಎಲ್ಲರೂ ಒಟ್ಟಿಗೆ ಬೆರಳೆತ್ತಿ ಸಂಖ್ಯೆ ತೋರಿಸಲಿ. ತಾವು ಬರೆದದ್ದಕ್ಕೆ ತಾವೇ ಮತ ಹಾಕುವಂತಿಲ್ಲ.

ನಮ್ಮ ಮನೆಯ ಒಂದು ಸುತ್ತನ್ನು ಪೂರ್ತಿಯಾಗಿ ನೋಡಿದರೆ ಬರೆಯುವ ಬಗೆ ತಿಳಿಯುತ್ತದೆ. ಪದ ‘ಡೆಂಕಣಿ’, ನಾಮಪದ. ನಾನು ಪದ ಆರಿಸಿದವನು, ಬರೆದವರು ಐವರು. ಓದಿದ ಅರ್ಥಗಳು ಇವು: ಎತ್ತಿನ ಕೊರಳಿಗೆ ಕಟ್ಟುವ ದೊಡ್ಡ ಗಂಟೆ, ಅದರ ನಾದ; ಹೊಸ ಬೀಗರ ಮನೆಗೆ ಮೊದಲ ಸಲ ಹೋಗುವಾಗ ಒಯ್ಯುವ ಬುತ್ತಿ; ಕೋಟೆಯ ಮೇಲಿಂದ ಶತ್ರುಗಳತ್ತ ಕಲ್ಲು ಬೀಸುವ ಯಂತ್ರ; ಸಂತೆಯಲ್ಲಿ ಸುಂಕದ ಲೆಕ್ಕ ಬರೆಯುವವನು; ಒಂದು ಬಗೆಯ ಗಿಡ; ನೇಯುವಾಗ ಎಳೆ ಹರಿಯದಂತೆ ಹಚ್ಚುವ ಗಂಜಿ. ಗಂಟೆಗೆ ಎರಡು ಮತ, ಸುಂಕದವನಿಗೆ ಒಂದು, ಗಂಜಿಗೆ ಒಂದು, ಕಲ್ಲು ಬೀಸುವ ಯಂತ್ರಕ್ಕೆ ಒಂದು ಬಂದವು. ನಿಜವಾದದ್ದು ಆ ಯಂತ್ರ.

ಗಂಟೆ ಗೆದ್ದದ್ದು ‘ಡೆಂ’ ಎಂಬ ನಾದದಿಂದ. ಗಂಟೆ ಎಂದಷ್ಟೇ ಬರೆಯದೆ ‘ಎತ್ತಿನ ಕೊರಳಿಗೆ’ ಎಂದು ಜಾಗವನ್ನೂ ತೋರಿಸಿ, ‘ಅದರ ನಾದ’ ಎಂದು ಎರಡನೆಯ ಅರ್ಥವನ್ನೂ ಜೋಡಿಸಿದ್ದರಿಂದ ಅದಕ್ಕೆ ನಿಘಂಟಿನ ಗಾಂಭೀರ್ಯ ಬಂತು. ಗಿಡಕ್ಕೆ ಮತ ಬೀಳದಿದ್ದುದು ಅದರಲ್ಲಿ ಹಿಡಿಯಲು ಏನೂ ಇಲ್ಲದ್ದರಿಂದ. ಬುತ್ತಿಯ ಕತೆ ಬೇರೆ. ಅದು ಚೆನ್ನಾಗಿಯೇ ಇತ್ತು, ಆದರೆ ಬೀಗರ ಮನೆಗೆ ಬುತ್ತಿ ಒಯ್ಯುವುದು ಪ್ರತಿ ಮನೆಯಲ್ಲೂ ಇಂದಿಗೂ ನಡೆಯುವ ಮಾತು, ಅದಕ್ಕೊಂದು ಹೆಸರಿದ್ದಿದ್ದರೆ ಹೆಂಗಸರಿಗೆ ತಿಳಿಯದೆ ಇರುತ್ತಿರಲಿಲ್ಲ. ಗಂಟೆಯ ಅರ್ಥವನ್ನು ಹೇಳಿ ಬರೆಸಿದ ಮುತ್ಯಾ ಅವರೇ ನಿಜವನ್ನೂ ಗುರುತಿಸಿದ್ದರು. ಹೇಗೆಂದು ಕೇಳಿದರೆ, ವಸ್ತು ಹೋದ ಮೇಲೆಯೇ ಅದರ ಹೆಸರು ಮರೆತುಹೋಗುವುದು, ಇವುಗಳಲ್ಲಿ ಈಗ ಎಲ್ಲೂ ಇಲ್ಲದ ವಸ್ತು ಅದೊಂದೇ ಎಂದರು. ಸುಳ್ಳು ಅರ್ಥ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಸೂತ್ರವನ್ನು ನಾನು ಕೇಳಿಲ್ಲ: ಈಗ ಬಳಕೆಯಲ್ಲಿ ಉಳಿಯದ ಕಸುಬು, ಉಪಕರಣ, ಅಳತೆ ಅಥವಾ ಪದ್ಧತಿಯನ್ನು ಹುಡುಕಿ, ಅದಕ್ಕೆ ಆ ಪದವನ್ನು ಹೊಂದಿಸಿ.

ಉಳಿದಂತೆ, ಪದ ನಾಮಪದವಾಗಿದ್ದರೆ ಅರ್ಥವನ್ನು ಕ್ರಿಯಾಪದದಿಂದ ಮುಗಿಸದೆ ಹೆಸರಿನಿಂದ ಮುಗಿಸಿ. ಹತ್ತು ಪದಗಳಿಗಿಂತ ಹೆಚ್ಚು ಬೇಡ. ನಗೆ ತರಿಸುವ ಅರ್ಥಕ್ಕೆ ನಗು ಸಿಗುತ್ತದೆ, ಮತ ಸಿಗುವುದಿಲ್ಲ. ಪದದ ನಾದಕ್ಕೆ ತೀರ ಹತ್ತಿರದ ಅರ್ಥವನ್ನು ಎಲ್ಲರೂ ಬರೆಯುತ್ತಾರೆ, ಆದ್ದರಿಂದ ಒಂದು ಹೆಜ್ಜೆ ದೂರ ನಿಲ್ಲಿ: ‘ಬೇವಸ’ಕ್ಕೆ ಬೇವಿನ ಎಣ್ಣೆ ಎಂದು ಬರೆಯುವ ಬದಲು ‘ಎತ್ತಿನ ಹುಣ್ಣಿಗೆ ಹಚ್ಚುವ ಕಹಿ ಲೇಪ’ ಎಂದರೆ ಕೇಳಿದವರೇ ಬೇವನ್ನು ಕಂಡುಕೊಂಡು, ತಾವು ಗುಟ್ಟನ್ನು ಹಿಡಿದೆವೆಂದು ನಂಬುತ್ತಾರೆ.

ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ಬಲವಾದ ಉಪಾಯವಿದೆ. ೧೯೪೮ರ ಸೆಪ್ಟೆಂಬರಿನವರೆಗೆ ಇಲ್ಲಿಯ ಆಡಳಿತ ನಿಜಾಮರ ಉರ್ದುವಿನಲ್ಲಿ ನಡೆದದ್ದರಿಂದ, ದಫ್ತರದ ಎಷ್ಟೋ ಪದಗಳನ್ನು ಕಲಬುರಗಿ, ಬೀದರ, ಯಾದಗಿರಿಗಳ ಮಂದಿ ಕೇಳಿದ್ದಾರೆ, ಆದರೆ ಖಚಿತವಾದ ಅರ್ಥ ಅನೇಕರಿಗೆ ತಿಳಿಯದು. ಹಾಗಾಗಿ ‘ಜಮೀನಿನ ಗಡಿಯ ತಕರಾರಿಗೆ ಬರೆಸುತ್ತಿದ್ದ ಪತ್ರ’ ಎಂಬಂಥ ಅರ್ಥ ಇಲ್ಲಿ ಸುಲಭವಾಗಿ ನಂಬಿಕೆ ಗಳಿಸುತ್ತದೆ. ಒಂದು ಕೂಟದಲ್ಲಿ ಒಮ್ಮೆ ಮಾತ್ರ ಇದನ್ನು ಬಳಸಿ. ಎರಡನೆಯ ಸಲ ಯಾರೂ ಮೋಸ ಹೋಗುವುದಿಲ್ಲ.

ಎರಡು ಕಡೆ ಮಾತ್ರ ನಾನು ಕಟ್ಟುನಿಟ್ಟು. ಅರ್ಥಕ್ಕೆ ಬಲ ಬರಲೆಂದು ಶರಣರ ಹೆಸರಿನಲ್ಲಿ ಸುಳ್ಳು ವಚನದ ಸಾಲು ಕಟ್ಟಬಾರದು. ಬಸವಕಲ್ಯಾಣ ನಮ್ಮ ಮಗ್ಗುಲಲ್ಲೇ ಇದೆ, ಮಕ್ಕಳು ಆ ಸಾಲನ್ನು ನಿಜವೆಂದು ಶಾಲೆಗೆ ಒಯ್ದರೆ ಅದನ್ನು ಹಿಂದಕ್ಕೆ ಪಡೆಯಲಾಗದು. ಯಾವುದೇ ಜಾತಿಯನ್ನೋ ಕಸುಬಿನವರನ್ನೋ ಹೀಗಳೆಯುವ ಅರ್ಥವನ್ನೂ ಬರೆಯಬಾರದು. ಅಂಥ ಚೀಟಿ ಬಂದರೆ ಪದ ಆರಿಸಿದವರು ಓದದೆ ಹರಿದುಹಾಕಲಿ.

ಅಂಕಗಳು ಹೀಗೆ: ನಿಜವನ್ನು ಗುರುತಿಸಿದವರಿಗೆ ೨, ನಿಮ್ಮ ಸುಳ್ಳಿಗೆ ಬಿದ್ದ ಪ್ರತಿ ಮತಕ್ಕೆ ೧, ಯಾರೊಬ್ಬರೂ ನಿಜವನ್ನು ಗುರುತಿಸದಿದ್ದರೆ ಪದ ಆರಿಸಿದವರಿಗೆ ೨. ಡೆಂಕಣಿಯ ಸುತ್ತಿನಲ್ಲಿ ಮುತ್ಯಾ ಅವರಿಗೆ ಒಟ್ಟು ೪ ಬಂದವು. ಪದ ಆರಿಸುವ ಸರದಿ ಎಲ್ಲರಿಗೂ ಒಮ್ಮೆ ಬಂದಾಗ ಆಟ ಮುಗಿಯುತ್ತದೆ.

ಫಲಿತಾಂಶ ಹೇಳುವಾಗ ಮೊದಲು ಸುಳ್ಳುಗಳನ್ನು ಬರೆದವರ ಹೆಸರಿನೊಡನೆ ಬಿಡಿಸಿ, ನಿಜವನ್ನು ಕೊನೆಗೆ ಓದಿ, ಏಕೆಂದರೆ ಕೊನೆಗೆ ಕೇಳಿದ್ದು ಹೆಚ್ಚು ನೆನಪಿರುತ್ತದೆ. ಚೆನ್ನಾಗಿ ಬರೆದ ಸುಳ್ಳು ಮನಸ್ಸಿನಲ್ಲಿ ನಿಜಕ್ಕಿಂತ ಗಟ್ಟಿಯಾಗಿ ಕೂಡುತ್ತದೆಂಬುದನ್ನು ನಾನು ಕಂಡಿದ್ದೇನೆ. ಅಕ್ಕನ ಮಗ ಮೂರು ತಿಂಗಳ ಮೇಲೂ ಡೆಂಕಣಿಯನ್ನು ಗಂಟೆಯೆಂದೇ ಹೇಳುತ್ತಿದ್ದ. ಆದ್ದರಿಂದ ಸುಳ್ಳು ಚೀಟಿಗಳನ್ನು ಅಂದೇ ಹರಿದುಹಾಕಿ, ನಿಜವಾದ ಚೀಟಿಯ ಬೆನ್ನಿಗೆ ಆ ಪದವನ್ನು ಬಳಸಿದ ಒಂದು ವಾಕ್ಯವನ್ನು ಎಲ್ಲರೂ ಕೂಡಿ ಬರೆದು, ಒಂದು ಡಬ್ಬಿಯಲ್ಲಿ ಹಾಕಿಡಿ. ಮುಂದಿನ ಸಲ ಆಟಕ್ಕೆ ಕೂತಾಗ ಮೊದಲು ಆ ಡಬ್ಬಿಯಿಂದ ಮೂರು ಚೀಟಿ ತೆಗೆದು ಅರ್ಥ ಕೇಳಿ. ಹಳೆಯ ಸುಳ್ಳನ್ನೇ ನಿಜವೆಂದು ಹೇಳಿದವರು ೧ ಅಂಕ ಕಳೆದುಕೊಂಡು ಆಟ ಆರಂಭಿಸಲಿ.