ಗೋಲ್ಡ್ ಫಿಶ್‌ಗೆ ಜೊತೆ ಯಾರು?

ತುಮಕೂರಿನ ನಮ್ಮ ಮನೆಯಲ್ಲಿ ಒಂದು ಒರಾಂಡಾ ಇತ್ತು. ತಲೆಗೆ ಕೆಂಪು ಟೋಪಿ ಇಟ್ಟಂಥ ಗೋಲ್ಡ್ ಫಿಶ್. ಪಾಪ, ಒಂಟಿಯಾಗಿದೆ ಅಂತ ಒಂದು ‘ಸಕ್ಕರ್’ ಮೀನು ತಂದು ಬಿಟ್ಟೆ. ಪಾಚಿ ತಿಂದು ಗಾಜು ಕ್ಲೀನ್ ಮಾಡುತ್ತದೆ ಎಂದಿದ್ದರು ಅಂಗಡಿಯವರು. ತಿಂಗಳು ಕಳೆದಿತ್ತು. ಒಂದು ರಾತ್ರಿ ಟಾರ್ಚ್ ಹಾಕಿ ನೋಡಿದರೆ, ಸಕ್ಕರ್ ಒರಾಂಡಾದ ಪಕ್ಕೆಗೆ ಬಾಯಿ ಅಂಟಿಸಿಕೊಂಡು ಕೂತಿತ್ತು. ಬೆಳಿಗ್ಗೆ ಆ ಜಾಗದಲ್ಲಿ ಹೊಳಪು ಹೋಗಿ ಬೆಳ್ಳಗೆ ಕಲೆ. ಮೀನಿನ ಮೈಮೇಲಿನ ಲೋಳೆ ಅದಕ್ಕೆ ಕವಚ ಇದ್ದ ಹಾಗೆ. ಅದು ಹೋದರೆ ರೋಗ ಸಲೀಸಾಗಿ ಒಳಗೆ ಬರುತ್ತದೆ. ಅಷ್ಟೇ ಅಲ್ಲ, ಅಂಗೈಯಷ್ಟೂ ಇಲ್ಲದ ಸಕ್ಕರ್ ಬೆಳೆದರೆ ಒಂದು ಅಡಿ ದಾಟುತ್ತದೆ.

ಹಾಗಾಗಿ ಜೊತೆ ಹುಡುಕುವ ಮೊದಲು ಟ್ಯಾಂಕ್ ಅಳೆಯಿರಿ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಎಲ್ಲರ ಮನೆಯಲ್ಲೂ ಕಾಣುವ 60×30×30ರ ಟ್ಯಾಂಕ್ ಹಿಡಿಯುವುದು 54 ಲೀಟರ್. ಅದು ಒಂದು ಗೋಲ್ಡ್ ಫಿಶ್‌ಗೇ ಇಕ್ಕಟ್ಟು. ಈ ಮೀನು ಜಾಸ್ತಿ ತಿನ್ನುತ್ತದೆ, ಜಾಸ್ತಿ ಗಲೀಜು ಮಾಡುತ್ತದೆ, ನೀರಿನಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ ಬೇಗ ಏರುತ್ತದೆ. ಎರಡು ಸಾಕಬೇಕಾದರೆ 100 ಲೀಟರ್ ಮೇಲಿರಲಿ, ಒಳ್ಳೆ ಫಿಲ್ಟರ್ ಇರಲಿ.

ಜಾಗ ಇದೆ ಅಂದರೆ, ನನ್ನ ಮಟ್ಟಿಗೆ ಮೊದಲ ಆಯ್ಕೆ ಇನ್ನೊಂದು ಗೋಲ್ಡ್ ಫಿಶ್. ಆದರೆ ತಳಿ ನೋಡಿ ತನ್ನಿ. ಒರಾಂಡಾ, ರ್ಯೂಕಿನ್, ಬ್ಲ್ಯಾಕ್ ಮೂರ್ ಗುಂಡು ಮೈಯವು, ನಿಧಾನ. ಕಾಮೆಟ್, ಶುಬುಂಕಿನ್‌ಗೆ ಉದ್ದ ಮೈ, ಒಂಟಿ ಬಾಲ, ಬಾಣದ ಹಾಗೆ ನುಗ್ಗುತ್ತವೆ. ಇವೆರಡನ್ನೂ ಸೇರಿಸಿದರೆ ಕಾಳು ನೀರಿಗೆ ಬೀಳುವಷ್ಟರಲ್ಲಿ ಕಾಮೆಟ್ ನುಂಗಿರುತ್ತದೆ. ಕಣ್ಣು ಮಂದ ಇರುವ ಬ್ಲ್ಯಾಕ್ ಮೂರ್ ತಳದಲ್ಲಿ ಸುಮ್ನೆ ಹುಡುಕುತ್ತಿರುತ್ತದೆ. ಗುಂಡಿಗೆ ಗುಂಡೇ ಜೊತೆ.

ಬೇರೆ ಜಾತಿ ಬೇಕೇ ಬೇಕು ಅಂದರೆ ನೀರಿನ ಬಿಸಿ ನೋಡಿ. ಗೋಲ್ಡ್ ಫಿಶ್ ತಣ್ಣೀರಿನದು, 18ರಿಂದ 24 ಡಿಗ್ರಿ ಅದಕ್ಕೆ ಹಿತ. ಹೀಟರ್ ಬೇಕಾಗುವ ಏಂಜೆಲ್, ಫೈಟರ್ ಬೇಡ. ಟೈಗರ್ ಬಾರ್ಬ್ ಅಂತೂ ಬೇಡವೇ ಬೇಡ, ಜೋಲು ಬಾಲ ಕಂಡರೆ ಕಚ್ಚಿ ಹರಿಯುತ್ತದೆ. ಗಪ್ಪಿ ಮರಿ ಬಿಟ್ಟರೆ ಗೋಲ್ಡ್ ಫಿಶ್ಶೇ ತಿಂದುಬಿಡುತ್ತದೆ, ಬಾಯಿಗೆ ಹಿಡಿಸಿದ್ದೆಲ್ಲ ಅದಕ್ಕೆ ಊಟ. ಚೆನ್ನಾಗಿ ಬೆಳೆದ ಜೀಬ್ರಾ ಡೇನಿಯೋ ಆದೀತು. ನಮ್ಮ ದೇಶದ ಹೊಳೆಗಳದ್ದೇ ಮೀನು, ತಣ್ಣೀರು ತಡೆಯುತ್ತದೆ. ಆರೇಳನ್ನು ಒಟ್ಟಿಗೆ ಬಿಡಿ.

ನಮ್ಮ ಕಡೆಗೆ ಹೇಳಿ ಮಾಡಿಸಿದ ಜೊತೆ ಮಿಸ್ಟರಿ ಬಸವನಹುಳ. ತುಮಕೂರು, ಕೋಲಾರದ ಬೋರ್‌ವೆಲ್ ನೀರು ಗಡಸು, ಪಾತ್ರೆಗೆಲ್ಲ ಬಿಳಿ ಕಟ್ಟುತ್ತದೆ ಅಲ್ವಾ? ಆ ಸುಣ್ಣದಂಶವೇ ಹುಳದ ಚಿಪ್ಪಿಗೆ ಬೇಕು. ಗೋಲ್ಡ್ ಫಿಶ್‌ಗೂ ಗಡಸು ನೀರು ಒಗ್ಗುತ್ತದೆ. ಶುದ್ಧ ಇರಲಿ ಅಂತ ಕ್ಯಾನ್‌ನ ಆರ್‌ಓ ನೀರು ಸುರಿಯಬೇಡಿ, ಅದರಲ್ಲಿ ಲವಣಗಳು ತೀರಾ ಕಡಿಮೆ. ಬೋರ್ ನೀರನ್ನು ರಾತ್ರಿಯಿಡೀ ಬಕೆಟ್‌ನಲ್ಲಿಟ್ಟು ಹಾಕಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣವನ್ನು ಬಾಟಲಿ ಮೇಲೆ ಬರೆದಷ್ಟು ಹಾಕಿ.

ಹೊಸ ಮೀನನ್ನು ತಂದ ದಿನವೇ ಟ್ಯಾಂಕ್‌ಗೆ ಬಿಡಬೇಡಿ. ಬೇರೆ ಟಬ್‌ನಲ್ಲಿ ಏರ್ ಪಂಪ್ ಹಾಕಿ ಮೂರು ವಾರ ಇಡಿ. ಮೈಮೇಲೆ ಉಪ್ಪು ಚಿಮುಕಿಸಿದಂಥ ಚುಕ್ಕೆ ಕಂಡರೆ ಅದು ಬಿಳಿಚುಕ್ಕೆ ರೋಗ, ವಾಸಿಯಾಗುವ ತನಕ ಬಿಡಲೇಬೇಡಿ. ಬಿಡುವ ದಿನ ಟ್ಯಾಂಕ್ ಲೈಟ್ ಆರಿಸಿ. ಮೊದಲ ವಾರ ರಾತ್ರಿ ಒಮ್ಮೆ ಟಾರ್ಚ್ ಹಾಕಿ ನೋಡಿ. ಹಗಲು ಸಾಧುವಾಗಿದ್ದು ರಾತ್ರಿ ಕಾಡುವ ಮೀನುಗಳಿವೆ.

ಹೊಂದಿಕೆ ಆಗಲಿಲ್ಲವಾ? ಅಂಗಡಿಗೇ ವಾಪಸ್ ಕೊಡಿ. ಅಮಾನಿಕೆರೆಗಾಗಲಿ, ಊರ ಕಟ್ಟೆಗಾಗಲಿ ಬಿಡಬೇಡಿ, ಅದರಲ್ಲೂ ಸಕ್ಕರ್ ಅನ್ನು. ಕೆರೆ ಸೇರಿದರೆ ಅದು ದಂಡೆಯಲ್ಲಿ ಬಿಲ ತೋಡಿ ಮೊಟ್ಟೆ ಇಟ್ಟು ಹೆಚ್ಚುತ್ತದೆ, ನಮ್ಮ ಮೀನುಗಳ ಮೇವು ಕಸಿಯುತ್ತದೆ. ನಮ್ಮನೆಯ ಸಕ್ಕರ್ ಈಗ ದೊಡ್ಡ ಟ್ಯಾಂಕ್ ಇರುವ ಗೆಳೆಯರ ಮನೆಯಲ್ಲಿದೆ. ಒರಾಂಡಾದ ಕಲೆ ಮಾಯಲು ಐದು ವಾರ ಹಿಡಿಯಿತು.