9 ಇಂಚಿನ ಗೋಡೆ ಕೆಡವಿದ್ದು

9 ಇಂಚಿನ ಗೋಡೆ ಭಾರ ಹೊರುತ್ತದೆ, ನಾಲ್ಕೂವರೆ ಇಂಚಿನದು ಬರೀ ಅಡ್ಡಗೋಡೆ ಎಂಬ ಲೆಕ್ಕವನ್ನು ನಾನೂ ನಂಬಿದ್ದೆ. ಅದಕ್ಕೆ ತೆತ್ತ ದಂಡ ಸಣ್ಣದಲ್ಲ. ಒಂದು ಮನೆಯಲ್ಲಿ ನಾಲ್ಕೂವರೆ ಇಂಚಿನ ಗೋಡೆಯನ್ನು ಒಂದೇ ದಿನದಲ್ಲಿ ಕೆಡವಿದೆ. ಮೂರನೆಯ ದಿನ ಮೇಲಿನ ಮಹಡಿಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು. ಮೂಲೆಯಿಂದ ಕೂದಲೆಳೆಯಂಥ ಬಿರುಕು ಓರೆಯಾಗಿ ಏರಿತ್ತು. ಅಳೆದು ನೋಡಿದರೆ, ಮೇಲಿನ ಗೋಡೆ ನಾನು ಕೆಡವಿದ ಗೋಡೆಯ ನೇರಕ್ಕೇ ನಿಂತಿತ್ತು. ರಾತ್ರೋರಾತ್ರಿ ಭಾರ ತಡೆಯಲು ಜಾಕ್ ಕೊಟ್ಟು, ಎಂಜಿನಿಯರ್ ಹೇಳಿದ ಅಳತೆಯ ಉಕ್ಕಿನ ತೊಲೆ ಕೂರಿಸುವಷ್ಟರಲ್ಲಿ ಆ ಕೆಲಸದ ಸಂಪಾದನೆಯೆಲ್ಲ ಕರಗಿತು. ಹೆಚ್ಚುಕಡಿಮೆ ಅಷ್ಟೇ ಹಣ ಕೈಯಿಂದಲೂ ಹೋಯಿತು.

ಅಂದಿನಿಂದ ದಪ್ಪವನ್ನೂ ನಂಬುವುದಿಲ್ಲ, ತಟ್ಟಿದ ಸದ್ದನ್ನೂ ನಂಬುವುದಿಲ್ಲ. ಗೋಡೆಯ ನೆತ್ತಿ ಬಿಡಿಸಿ ನೋಡುತ್ತೇನೆ.

ಮುಂದೆ ಸಿಕ್ಕಿದ್ದು ಹಾಲ್ ನಡುವಿನ 9 ಇಂಚಿನ ಗೋಡೆ. ಮುಟ್ಟಬೇಡಿ ಎಂದು ಮೇಸ್ತ್ರಿ ಕೈ ಮುಗಿದರು. ಎರಡು ತುದಿ ಮತ್ತು ನಡುವೆ, ಅಂಗೈ ಅಗಲದಷ್ಟು ಗಾರೆ ಕೆತ್ತಿಸಿದೆ. ಗೋಡೆಯ ಮೇಲೆಯೇ ಕಾಂಕ್ರೀಟ್ ಸುರಿದಿದ್ದರೆ ಸಿಮೆಂಟ್ ಹಾಲು ಇಟ್ಟಿಗೆಯ ಸಂದಿಗೆ ಇಳಿದು ಕಲ್ಲಾಗಿರುತ್ತದೆ. ಇಲ್ಲಿ ಗೋಡೆಯ ಮೇಲಿದ್ದ ಕಾಂಕ್ರೀಟ್ ಬೀಮಿನ ತಳ ನುಣುಪಾಗಿತ್ತು; ಟಾರ್ಚನ್ನು ಓರೆಯಾಗಿ ಹಿಡಿದಾಗ ಕಾಂಕ್ರೀಟ್ ಸುರಿಯುವಾಗ ಕೆಳಗೆ ಕೊಡುವ ಸೆಂಟ್ರಿಂಗ್ ಹಲಗೆಯ ಎಳೆಗಳು, ಒಂದು ಗಂಟಿನ ಗುರುತು ಸಹ, ಅಚ್ಚೊತ್ತಿದಂತೆ ಕಂಡವು. ಹಲಗೆ ಬಿಚ್ಚಿದ ಮೇಲೆ ಕಟ್ಟಿದ ಗೋಡೆ ಅದು. ಬೀಮಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಇಟ್ಟಿಗೆ ಚೂರು, ಸಡಿಲ ಗಾರೆ ತುರುಕಿದ್ದರು.

ಅಷ್ಟಕ್ಕೇ ಕುಣಿಯುವಂತಿಲ್ಲ. ಬೀಮು ಕಾಲಕ್ರಮದಲ್ಲಿ ಬಾಗಿ ಗೋಡೆಯ ಮೇಲೆ ಕೂತಿರಬಹುದು. ಗಾರೆ ಕೆರೆದು ಆ ಸಂದಿಯಲ್ಲಿ ಹ್ಯಾಕ್ಸಾ ಬ್ಲೇಡ್ ಎಳೆದೆ, ಎಲ್ಲಿಯೂ ಹಿಡಿಯಲಿಲ್ಲ. ಬೀಮು ಪಿಲ್ಲರಿನಿಂದ ಪಿಲ್ಲರಿಗೆ ಹೋಗಿದೆಯೆಂದೂ ಎರಡು ತುದಿ ಕೆತ್ತಿ ಖಚಿತಪಡಿಸಿಕೊಂಡೆ. ಪಿಲ್ಲರ್ ಇಲ್ಲದ ಮನೆಗೆ ಈ ಪರೀಕ್ಷೆ ಸಾಲದು, ಎಂಜಿನಿಯರ್ ಬೇಕೇ ಬೇಕು.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ತಾರಸಿಯಲ್ಲಿ 10 ಸೆಂಟಿಮೀಟರ್ ನೀರು ನಿಲ್ಲಿಸಿದರೆ ಚದರ ಮೀಟರಿಗೆ 100 ಕಿಲೋ ಭಾರ. ಕೆಳಗೆ ನೂಲು ಕಟ್ಟಿ ಬಾಗುವುದನ್ನು ನೋಡುವ ಆಸೆ. ನೂಲಿಗೆ ಏನೂ ಗೊತ್ತಾಗಲಿಲ್ಲ, ಮೂಲೆಯಲ್ಲಿ ನೀರು ಜಿನುಗಿದ್ದಷ್ಟೇ ಲಾಭ.

ಎರಡೂ ಬದಿಗೆ ಸುಮಾರು 3 ಅಡಿಗೊಂದರಂತೆ ಜಾಕ್ ನಿಲ್ಲಿಸಿ, ಮೇಲಿನ ಒಂದು ವರಸೆ ಇಟ್ಟಿಗೆ ಮಾತ್ರ ತೆಗೆದು, ಜಾಕ್ ಸಡಿಲಿಸಿ ಎರಡು ದಿನ ಬಿಟ್ಟೆ. ನೆಲದಿಂದ ಬೀಮಿಗೆ ಅಳತೆಕೋಲು ಇಟ್ಟಿದ್ದೆ, ಕೂದಲಿನಷ್ಟೂ ಬಿಗಿಯಲಿಲ್ಲ. ಆ ವರಸೆಯಲ್ಲಿ ಯಾವ ಇಟ್ಟಿಗೆ ಮೊದಲು ಎನ್ನುವುದು ನನ್ನಲ್ಲೇ ಇರಲಿ. ಆಮೇಲೆ ಉಳಿದ ಗೋಡೆಯನ್ನೂ ಕೆಡವಿದೆ. ಉಕ್ಕಿನ ತೊಲೆಗೆಂದು ಎತ್ತಿಟ್ಟಿದ್ದ ಹಣ, ಒಟ್ಟು ಅಂದಾಜಿನ ಮೂರನೇ ಒಂದು ಪಾಲು, ಮನೆಯವರಿಗೇ ಉಳಿಯಿತು.

ಎರಡು ವರ್ಷವಾಯಿತು, ಗಾರೆಯಲ್ಲಿ ಒಂದು ಗೆರೆಯೂ ಮೂಡಿಲ್ಲ. ಕೈ ಮುಗಿದಿದ್ದ ಮೇಸ್ತ್ರಿಯೇ ಮೊನ್ನೆ ತಮ್ಮ ಕೆಲಸದ ಗೋಡೆ ನೋಡಲು ಕರೆದರು. ನೆತ್ತಿ ಕೆತ್ತಿಸಿದೆ. ಹಲಗೆಯ ಗುರುತು ಇರಲಿಲ್ಲ. ಮುಟ್ಟಬೇಡಿ ಎಂದು ಹೇಳಿ ಬಂದೆ.