ಆ ಯೋಚನೆ ಬಂದದ್ದು ಕನ್ನಡದಲ್ಲಿ

"ನಾಳೆ ಸ್ವಲ್ಪ ಮಾತಾಡೋಣ" ಅಂತ ಮ್ಯಾನೇಜರ್ ಮೆಸೇಜ್ ಹಾಕಿದರೆ ಸಾಕು, ಆ ರಾತ್ರಿ ನನಗೆ ನಿದ್ದೆ ಇಲ್ಲ. ಹೊಟ್ಟೆ ತೊಳಸುತ್ತಿತ್ತು, ಅಂಗೈ ಬೆವರುತ್ತಿತ್ತು. ಗ್ಯಾಸ್ಟ್ರಿಕ್ ಅಂದುಕೊಂಡು ಎರಡು ವರ್ಷ ಮಾತ್ರೆ ನುಂಗಿದೆ. ಆಮೇಲೆ ಜಯನಗರದ ಕೌನ್ಸೆಲರ್ ಒಬ್ಬರ ಹತ್ತಿರ ಹೋದೆ.

ಅವರು ಕಲಿಸಿದ್ದು ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ: ನಮ್ಮ ಯೋಚನೆಗಳನ್ನು ಪರೀಕ್ಷಿಸಿ ನೋಡುವ ಮಾತಿನ ಚಿಕಿತ್ಸೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ವಿಧಾನ. ಘಟನೆಗೂ ಸಂಕಟಕ್ಕೂ ನಡುವೆ ಥಟ್ಟನೆ ಒಂದು ಯೋಚನೆ ಹಾದುಹೋಗುತ್ತದೆ, ಅದನ್ನು ಹಿಡಿದು ಬರೆಯಬೇಕು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಂಡೆ: ಏನಾಯಿತು, ಏನನ್ನಿಸಿತು, ಸಂಕಟ ನೂರಕ್ಕೆ ಎಷ್ಟು, ಆ ಯೋಚನೆಗೆ ಆಧಾರವೇನು, ವಿರುದ್ಧ ಏನಿದೆ, ಈಗ ಸಂಕಟ ಎಷ್ಟು.

ಮೂರು ವಾರ ಇಂಗ್ಲಿಷಿನಲ್ಲೇ ಬರೆದೆ. 85 ಇದ್ದದ್ದು 85ರಲ್ಲೇ ಉಳಿಯಿತು. ಪುಟ ತಿರುವಿ ನೋಡಿದ ಕೌನ್ಸೆಲರ್, "ಮನಸ್ಸಿಗೆ ಇದು ಬಂದದ್ದು ಯಾವ ಭಾಷೆಯಲ್ಲಿ?" ಅಂತ ಕೇಳಿದರು.

ಮರುದಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಿದ್ದಾಗ ಹಿಡಿದುಬಿಟ್ಟೆ. "ನಿನ್ ಕೈಲಿ ಏನಾಗತ್ತೆ ಬಿಡು." ದನಿ ಅಪ್ಪನದು. ಎಂಟನೇ ಕ್ಲಾಸಿನಲ್ಲಿ ಗಣಿತಕ್ಕೆ 38 ಬಂದಾಗ ನೆಂಟರ ಎದುರು ಅಂದ ಮಾತು. ಬರೆದು ಮುಗಿಸುವಷ್ಟರಲ್ಲಿ ಕಣ್ಣು ತುಂಬಿತ್ತು. ಇಂಗ್ಲಿಷಿನಲ್ಲಿ ನಾನು ಬರೆದಿದ್ದೆಲ್ಲ ಆಫೀಸಿನ ಪದಗಳು, ನೋವಿದ್ದದ್ದು ಇಲ್ಲಿ. ಬೇರೆ ಯಾರಾದರೂ ಶುರುಮಾಡುವುದಾದರೆ ನನ್ನದು ಇದೊಂದೇ ಮಾತು: ಮನೆಯಲ್ಲಿ ಬೈಸಿಕೊಂಡ ಭಾಷೆಯಲ್ಲೇ ಬರೆಯಿರಿ.

ಆಮೇಲೆ ಆಧಾರ ಹುಡುಕಿದೆ. ಆರು ತಿಂಗಳಲ್ಲಿ "ಮಾತಾಡೋಣ" ಅಂತ ಏಳು ಸಲ ಕರೆದಿದ್ದರು. ಐದು ಸಲ ಶಿಫ್ಟ್ ವಿಚಾರ, ಒಮ್ಮೆ ರಜೆ. ಒಂದೇ ಒಂದು ಸಲ ನಿಜವಾಗಿ ನನ್ನ ತಪ್ಪು, ಅದನ್ನೂ ಅವತ್ತೇ ಸರಿಮಾಡಿದ್ದೆ. ಕೊನೆಗೆ ಬರೆದದ್ದು "ಎಲ್ಲ ಒಳ್ಳೆಯದಾಗುತ್ತೆ" ಅಂತಲ್ಲ, ಅದನ್ನು ಮನಸ್ಸು ನಂಬುವುದಿಲ್ಲ. "ತಪ್ಪಾಗಿದ್ದರೂ ಇರಬಹುದು, ಸರಿಮಾಡೋಕೆ ನನಗೆ ಬರುತ್ತೆ" ಅಂತ ಬರೆದೆ. ಸಂಕಟ 50ಕ್ಕೆ ಇಳಿಯಿತು. ನಿದ್ದೆ ಬರಲು ಅಷ್ಟು ಸಾಕಾಯಿತು.

ಎಲ್ಲ ದಿನವೂ ನೋಟ್‌ಬುಕ್ ಸಾಲುವುದಿಲ್ಲ. ಬದುಕೇ ಬೇಡ ಅನ್ನಿಸಿದ ಒಂದು ರಾತ್ರಿ ಬರೆಯುತ್ತ ಕೂರಲಿಲ್ಲ, ಟೆಲಿ ಮನಸ್ 14416ಕ್ಕೆ ಫೋನ್ ಮಾಡಿದೆ. ಅದು ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಅಪ್ಪನಿಗೆ ಇದನ್ನೆಲ್ಲ ಹೇಳಿಲ್ಲ. ಹೇಳಲೇಬೇಕು ಅಂತ ಈಗ ಅನ್ನಿಸುತ್ತಲೂ ಇಲ್ಲ. ಕಳೆದ ವಾರ ಮತ್ತದೇ ಮೆಸೇಜ್ ಬಂತು. ಈ ಸಲ ತಿರುಗಿ ಕೇಳಿದೆ: "ಯಾವ ವಿಷಯ ಸರ್?" ಶುಕ್ರವಾರದ ಶಿಫ್ಟ್ ಬದಲಾಯಿಸಬೇಕಿತ್ತಂತೆ.